ಕಹಿ ಮದ್ದುಗಳನ್ನು ಗ್ಲುಕೋಮೀಟರಿಗೆ ಒಡ್ಡಿ ನೋಡಿದ ಅನುಭವ

ಸಕ್ಕರೆ ಕಾಯಿಲೆಯವರು ಕಹಿ ತಿನ್ನಬೇಕು ಎಂಬ ಮಾತು ನಮ್ಮ ತೀರ್ಥಹಳ್ಳಿ ಸೀಮೆಯಲ್ಲಿ ಯಾವ ಮನೆಗೆ ಹೋದರೂ ಕೇಳಿಬರುತ್ತದೆ. ಹಾಗಲಕಾಯಿಯ ರಸ, ಅಮೃತಬಳ್ಳಿಯ ಕಷಾಯ, ನೆಲಬೇವು, ನೆನೆಸಿದ ಮೆಂತ್ಯ, ಹೀಗೆ ಒಬ್ಬೊಬ್ಬರದು ಒಂದೊಂದು ಮದ್ದು. ನನಗೆ ಮಧುಮೇಹವಿದೆಯೆಂದು ಗೊತ್ತಾದ ಮೇಲೆ, ವೈದ್ಯರು ಬರೆದುಕೊಟ್ಟ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಿಡದೆ, ಅವರಿಗೆ ತಿಳಿಸಿಯೇ, ಇವುಗಳಲ್ಲಿ ಕೆಲವನ್ನು ಒಂದೊಂದಾಗಿ ಪರೀಕ್ಷಿಸಿದೆ.

ಬೆಳಗಿನ ತಿಂಡಿಗೆ ಅದೇ ಅಳತೆಯ ಅಕ್ಕಿರೊಟ್ಟಿ, ಅದೇ ಚಟ್ನಿ. ಒಂದು ವಾರ ಕಹಿಯ ಜೊತೆಗೆ, ಮತ್ತೊಂದು ವಾರ ಕಹಿಯಿಲ್ಲದೆ. ಎರಡು ಗಂಟೆಯ ನಂತರ ಸೋಪಿನಲ್ಲಿ ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು, ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ ನೋಡುತ್ತಿದ್ದೆ. ಬೆರಳಿಗೆ ಹಣ್ಣಿನ ರಸವೋ ಬೆಲ್ಲವೋ ಅಂಟಿದ್ದರೆ ಅಂಕಿ ಸುಮ್ಮನೆ ಏರುತ್ತದೆ. ಅಳತೆ 100 ಮಿ.ಗ್ರಾಂ/ಡೆ.ಲೀ.ಗಿಂತ ಮೇಲಿದ್ದಾಗ, ರಕ್ತದ ಸಕ್ಕರೆ ಅಳೆಯುವ ಗ್ಲುಕೋಮೀಟರ್ ಶೇ. 15ರಷ್ಟು ಆಚೀಚೆಯಾಗುವುದನ್ನು ಅಂತರರಾಷ್ಟ್ರೀಯ ಮಾನದಂಡವೇ ಒಪ್ಪುತ್ತದೆ. ಆದ್ದರಿಂದ ಒಂದು ದಿನ 180 ಇದ್ದದ್ದು ಮರುದಿನ 165 ಆಯಿತೆಂದು ಹಿಗ್ಗುವುದಕ್ಕೆ ಅರ್ಥವಿಲ್ಲ. ವಾರದ ಸರಾಸರಿಯನ್ನಷ್ಟೇ ನಾನು ಲೆಕ್ಕಕ್ಕೆ ಹಿಡಿದೆ.

ಸ್ಪಷ್ಟವಾದ ವ್ಯತ್ಯಾಸ ಕಂಡದ್ದು ಮೆಂತ್ಯದಲ್ಲಿ. ರಾತ್ರಿ ಮಜ್ಜಿಗೆಯಲ್ಲಿ ನೆನೆಹಾಕಿದ ಕಾಳು ಬೆಳಗಾಗುವಷ್ಟರಲ್ಲಿ ಉಬ್ಬಿ, ಚಮಚದಲ್ಲಿ ಎತ್ತಿದರೆ ಎಳೆ ಎಳೆಯಾಗಿ ಲೋಳೆ ಬರುತ್ತದೆ. ಗ್ಯಾಲಕ್ಟೋಮನ್ನನ್ ಎಂಬ ನಾರಿನಿಂದಾದ ಈ ಲೋಳೆಯೇ ಹೊಟ್ಟೆಯಲ್ಲಿ ಅನ್ನವನ್ನು ಸುತ್ತಿಕೊಂಡು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಗೊಳಿಸುತ್ತದೆ. ಕಹಿ ಬರುವುದು ಬಹುಮಟ್ಟಿಗೆ ಸಪೋನಿನ್ ಎಂಬ ಬೇರೆಯೇ ವಸ್ತುಗಳಿಂದ. ಅಂದರೆ ಮೆಂತ್ಯದಲ್ಲಿ ಹೆಚ್ಚಿನ ಕೆಲಸ ಮಾಡುವುದು ಕಹಿಯಲ್ಲ. ಪ್ರಮಾಣವೂ ಮುಖ್ಯ: ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಗಿಗಳಿಗೆ ಕೊಟ್ಟದ್ದು ದಿನಕ್ಕೆ 100 ಗ್ರಾಂ ಕೊಬ್ಬು ತೆಗೆದ ಪುಡಿ. ನಾಲ್ಕು ಕಾಳು ನುಂಗಿ ಅದೇ ಫಲ ಬಯಸುವಂತಿಲ್ಲ. ನಾನು ದಿನಕ್ಕೆ ಎರಡು ಚಮಚದಷ್ಟನ್ನು ರುಬ್ಬಿ ತಂಬುಳಿ ಮಾಡಿ, ಊಟದ ಮೊದಲ ತುತ್ತಿಗೇ ಬಡಿಸಿಕೊಳ್ಳುತ್ತೇನೆ.

ಹಾಗಲಕಾಯಿಯ ರಸ ನನ್ನ ಅಂಕಿಗಳನ್ನು ಅಷ್ಟಾಗಿ ಕದಲಿಸಲಿಲ್ಲ. ಅದರಲ್ಲಿ ಚರಂಟಿನ್, ಪಾಲಿಪೆಪ್ಟೈಡ್-ಪಿ ಮುಂತಾದ ಸಕ್ಕರೆ ಇಳಿಸಬಲ್ಲ ಅಂಶಗಳಿರುವುದು ನಿಜವಾದರೂ, ಮನುಷ್ಯರ ಮೇಲಿನ ಪ್ರಯೋಗಗಳನ್ನು ಒಟ್ಟಾಗಿ ತೂಗುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2012ರ ಪರಾಮರ್ಶೆ, ಶಿಫಾರಸು ಮಾಡುವಷ್ಟು ಪುರಾವೆಯಿಲ್ಲ ಎಂದೇ ಹೇಳಿತು. ನಮ್ಮ ಕಡೆಯ ಮೆಣಸ್ಕಾಯಿ ಎಂಬ ಹಾಗಲದ ಗೊಜ್ಜಿನಲ್ಲಂತೂ ಉಪ್ಪು ಹಚ್ಚಿ ಕಹಿಯನ್ನು ಹಿಂಡಿ ತೆಗೆದು, ಮೇಲೆ ದೊಡ್ಡ ಅಚ್ಚಿನ ಬೆಲ್ಲ ಹಾಕುತ್ತೇವೆ; ಅದನ್ನು ಮದ್ದೆಂದು ಬಡಿಸಿಕೊಳ್ಳುವ ನೆಂಟರಿಗೆ ನಾನು ಏನೂ ಹೇಳುವುದಿಲ್ಲ.

ತೂಕದ ವಿಷಯದಲ್ಲಿ ಕಹಿಯ ಪಾತ್ರ ಇನ್ನೂ ಸಣ್ಣದು. ಕಹಿಯನ್ನು ಗುರುತಿಸುವ ಗ್ರಾಹಕಗಳು ನಾಲಿಗೆಯಲ್ಲಷ್ಟೇ ಅಲ್ಲ, ಕರುಳಿನಲ್ಲೂ ಇವೆ, ಅವು ಹಸಿವು ತಗ್ಗಿಸುವ ಜಿಎಲ್‌ಪಿ-1 ಹಾರ್ಮೋನಿನ ಸ್ರಾವಕ್ಕೆ ಕಾರಣವಾಗಬಲ್ಲವು ಎಂಬುದು ಪ್ರಯೋಗಾಲಯಗಳಲ್ಲಿ ಕಂಡಿದೆ. ನನ್ನ ತೂಕ ಇಳಿದದ್ದು ಮಾತ್ರ ಸಂಜೆಯ ಕರಿದ ತಿಂಡಿಯನ್ನು ನಿಲ್ಲಿಸಿ ತೋಟದ ಏರನ್ನು ದಿನವೂ ಹತ್ತತೊಡಗಿದ ಮೇಲೆ. ಸೇಬಿನ ಮರದ ತೊಗಟೆಯಲ್ಲಿ 1835ರಲ್ಲಿ ಸಿಕ್ಕ ಫ್ಲೊರಿಜಿನ್ ಎಂಬ ಕಹಿ ವಸ್ತು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಅದರ ಜಾಡಿನಲ್ಲೇ ಹುಟ್ಟಿದ ಡಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಮಾತ್ರೆಯಿಂದ ತೂಕವೂ ತುಸು ಇಳಿಯುತ್ತದೆ. ಅಲ್ಲಿಯೂ ಗುಣವಿರುವುದು ಆ ಅಣುವಿನ ರಚನೆಯಲ್ಲಿ, ರುಚಿಯಲ್ಲಲ್ಲ.

ಅಮೃತಬಳ್ಳಿಯನ್ನು ನಾನು ಮುಟ್ಟಲಿಲ್ಲ. ಕೋವಿಡ್ ಕಾಲದಲ್ಲಿ ಅದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬೈಯ ವೈದ್ಯರು ವರದಿ ಮಾಡಿದ್ದಾರೆ. ಗ್ಲಿಮೆಪಿರೈಡ್‌ನಂಥ ಸಕ್ಕರೆ ಇಳಿಸುವ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಹಾಗಲದ ರಸವನ್ನೂ ಸೇರಿಸಿಕೊಂಡರೆ ಸಕ್ಕರೆ ಅತಿಯಾಗಿ ಕುಸಿಯುವ ಭಯವಿದೆ. ಸೋರೆಕಾಯಿಯದು ಬೇರೆಯೇ ಕಥೆ: ಕಹಿಯಾದ ಸೋರೆಯಲ್ಲಿರುವ ಕುಕುರ್ಬಿಟಾಸಿನ್ ವಿಷವೇ, ಅದರ ರಸ ಕುಡಿದು ಸತ್ತವರೂ ಇದ್ದಾರೆ. ಹೆಚ್ಚುವ ಮೊದಲು ತುದಿಯ ಚೂರೊಂದನ್ನು ನಾಲಿಗೆಗೆ ಮುಟ್ಟಿಸಿ ಉಗಿದು ನೋಡುತ್ತೇನೆ. ಕಹಿಯಿದ್ದರೆ ಇಡೀ ಕಾಯಿ ಗೊಬ್ಬರದ ಗುಂಡಿಗೆ.