ಕೊಳವೆಬಾವಿಯ ಬಾಯಿ ಭದ್ರವಾಗಿದ್ದರೆ ಅಂತರ್ಜಲ ಶುದ್ಧ

ಮಳೆನೀರು ಮಣ್ಣಿನ ಪದರಗಳ ಮೂಲಕ ನಿಧಾನವಾಗಿ ಇಳಿಯುವಾಗ ಅದರೊಂದಿಗಿರುವ ರೋಗಾಣುಗಳಲ್ಲಿ ಬಹುಪಾಲು ದಾರಿಯಲ್ಲೇ ಸೋಸಿಹೋಗುತ್ತವೆ. ಆದರೆ ಕೊಳವೆಬಾವಿಯ ಗೋಡೆ ಕುಸಿಯದಂತೆ ಇಳಿಸುವ ಕೇಸಿಂಗ್ ಪೈಪಿನ ಹೊರಮೈಗೂ ಕೊರೆದ ರಂಧ್ರದ ಗೋಡೆಗೂ ನಡುವೆ ಸಂದು ಉಳಿದಿದ್ದರೆ, ಮೇಲಿನ ಕೊಳೆನೀರು ಎಲ್ಲಿಯೂ ಸೋಸದೆ ನೇರವಾಗಿ ಅಂತರ್ಜಲಕ್ಕೆ ಸೇರುತ್ತದೆ. ಒಮ್ಮೆ ಕೆಟ್ಟ ಅಂತರ್ಜಲ ತಿಳಿಯಾಗಲು ಎಷ್ಟೋ ವರ್ಷಗಳು ಹಿಡಿಯುವುದರಿಂದ, ಕಾಳಜಿ ಬಾವಿಯ ಬಾಯಿಯಿಂದಲೇ ಆರಂಭವಾಗಬೇಕು.

ಜೋರು ಮಳೆ ನಿಂತ ಕೂಡಲೇ ಪೈಪಿನ ಬುಡವನ್ನು ಬಗ್ಗಿ ನೋಡಿ. ಅಲ್ಲಿನ ಮಣ್ಣು ಬಟ್ಟಲಿನಂತೆ ಕುಸಿದು, ನಿಂತ ನೀರು ನೋಡನೋಡುತ್ತಲೇ ಇಂಗಿಹೋಗುತ್ತಿದ್ದರೆ ಸಂದು ತೆರೆದಿದೆ ಎಂದೇ ಅನುಮಾನಿಸಬೇಕು. ಬಾವಿ ಕೊರೆಯುವವರ ನೆರವಿನಿಂದ ಆ ಸಂದಿಗೆ ನೀರು ತಾಗಿದರೆ ಉಬ್ಬುವ ಬೆಂಟೋನೈಟ್ ಜೇಡಿಯನ್ನು ಅಥವಾ ಸಿಮೆಂಟ್ ಗಾರೆಯನ್ನು ತುಂಬಿಸಿ, ಸುತ್ತಲೂ ಹೊರಕ್ಕೆ ಇಳಿಜಾರಾದ ಕಾಂಕ್ರೀಟ್ ಕಟ್ಟೆ ಹಾಕಿಸಿ. ಪೈಪು ನೆಲದಿಂದ ಕನಿಷ್ಠ 30 ಸೆಂಟಿಮೀಟರ್ ಮೇಲಿರಲಿ. ಮುಚ್ಚಳ ಬಿಗಿಯಾಗಿರಲಿ, ಮೋಟಾರಿನ ವೈರು ಹಾಯುವ ತೂತನ್ನೂ ಮುಚ್ಚಿರಲಿ.

ಶೌಚಗುಂಡಿ ಬಾವಿಯಿಂದ ಕನಿಷ್ಠ 30 ಮೀಟರ್ ದೂರದಲ್ಲಿರಬೇಕು. ಅದರ ತಳ ಅಂತರ್ಜಲ ಮಟ್ಟಕ್ಕಿಂತ 2 ಮೀಟರಿನಷ್ಟಾದರೂ ಮೇಲಿರಬೇಕು ಎಂಬುದನ್ನು ಬಹಳ ಜನ ಬೇಸಿಗೆಯಲ್ಲಿ ಅಳೆದು ಮೋಸಹೋಗುತ್ತಾರೆ. ಮಳೆಗಾಲದಲ್ಲಿ ನೀರು ಏರಿ ಗುಂಡಿಯ ತಳವನ್ನೇ ಮುಟ್ಟಬಹುದಾದ್ದರಿಂದ ಆಗಿನ ಮಟ್ಟವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಬಿರುಕು ಬಂಡೆಯ ನೆಲದಲ್ಲಿ ಕೊಳೆ ಬಹಳ ದೂರ ಹರಿಯುವುದರಿಂದ 30 ಮೀಟರ್ ಅಂತರವೂ ಸಾಲದು.

ಔಷಧಿ ಸಿಂಪಡಿಸುವ ಟ್ಯಾಂಕಿಗೆ ನೀರು ಹಿಡಿಯುವಾಗ ಕೊಳವೆಯ ತುದಿಯನ್ನು ನೀರಿನಲ್ಲಿ ಮುಳುಗಿಸಬೇಡಿ. ಮೋಟಾರು ನಿಂತರೆ ವಿಷದ ನೀರು ಹಿಂದಕ್ಕೆ ಎಳೆದುಕೊಂಡು ಬಾವಿಯೊಳಗೆ ಇಳಿಯಬಹುದು. ತಿಪ್ಪೆಯೂ ಗೊಬ್ಬರದ ದಾಸ್ತಾನೂ ಬಾವಿಯಿಂದ ದೂರವಿರಲಿ. ಅವುಗಳಿಂದ ಇಳಿಯುವ ನೈಟ್ರೇಟ್ ಎಂಬ ಲವಣ ಲೀಟರಿಗೆ 50 ಮಿಲಿಗ್ರಾಂ ಮೀರಿದರೆ ಹಸುಗೂಸುಗಳಿಗೆ ಅಪಾಯ, ಕುದಿಸಿದರೂ ಅದು ಹೋಗುವುದಿಲ್ಲ. ನೀರು ಆವಿಯಾದಂತೆಲ್ಲ ಅದರ ಸಾಂದ್ರತೆ ಹೆಚ್ಚುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ, ಮಳೆಗಾಲದ ನಂತರ, ನೈಟ್ರೇಟ್ ಮತ್ತು ಇ. ಕೊಲೈ (ನೀರಿಗೆ ಮಲ ಸೇರಿರುವುದನ್ನು ತೋರಿಸುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿ. 100 ಮಿಲಿಲೀಟರ್ ನೀರಿನಲ್ಲಿ ಇ. ಕೊಲೈ ಒಂದೂ ಇರಕೂಡದು.

ಬತ್ತಿದ ಕೊಳವೆಬಾವಿಗೆ ಕಸ ಸುರಿಯುವುದು ಅಂತರ್ಜಲಕ್ಕೆ ಮಾಡುವ ಅತಿ ದೊಡ್ಡ ಅನ್ಯಾಯ. ಅದನ್ನು ಮುಚ್ಚಿಸುವಾಗ ಸಣ್ಣ ಪೈಪೊಂದನ್ನು ತಳದವರೆಗೆ ಇಳಿಸಿ, ಗಾರೆಯನ್ನು ಕೆಳಗಿನಿಂದ ಮೇಲಕ್ಕೆ ತುಂಬಿಸುತ್ತ ಬರಬೇಕು. ಮೇಲಿನಿಂದ ಸುರಿದರೆ ಅದು ನಡುವೆಯೇ ಸಿಕ್ಕಿಕೊಂಡು ಕೆಳಗೆ ಟೊಳ್ಳು ಉಳಿಯುತ್ತದೆ.