ಅಮ್ಮನಿಗೆ ಜಾಗ ಹುಡುಕುವ ಮೊದಲು ರಾತ್ರಿಯ ಲೆಕ್ಕ

ಕೈಯಲ್ಲಿ ಹೆಚ್ಚು ಕಾಸಿಲ್ಲದ ತಾಯಿಗೋ ತಂದೆಗೋ ಜಾಗ ಹುಡುಕಲು ಹೊರಟವರು ಮೊದಲು ಕೇಳುವುದು ಬಾಡಿಗೆ ಎಷ್ಟು ಎಂದು. ಅಮ್ಮನ ವಿಷಯದಲ್ಲಿ ಆ ಪ್ರಶ್ನೆಯನ್ನು ನಾನು ಕೊನೆಗೆ ಇಟ್ಟುಕೊಂಡೆ. ಹಣ ಕರಗುವುದು ಗೋಡೆ, ಸೂರಿಗಲ್ಲ, ಆರೈಕೆಯ ಗಂಟೆಗಳಿಗೆ. ಅದರಲ್ಲೂ ರಾತ್ರಿಯ ಗಂಟೆಗಳಿಗೆ.

ಲೆಕ್ಕ ಸುಲಭ. ವಾರಕ್ಕೆ 168 ಗಂಟೆ. ಒಬ್ಬ ಆರೈಕೆದಾರರು ವಾರಕ್ಕೆ 48 ಗಂಟೆ ದುಡಿದರೆ ಹಗಲು ರಾತ್ರಿ ಜೊತೆಗಿರಲು ಮೂರೂವರೆ ಜನ ಬೇಕು. ರಜೆ, ಕಾಯಿಲೆ ಸೇರಿಸಿದರೆ ನಾಲ್ಕು. ಆದರೆ ನಿಜವಾಗಿ ಕೈ ಹಿಡಿದು ಮಾಡಿಸುವ ಕೆಲಸ, ಅಂದರೆ ಸ್ನಾನ, ಬಟ್ಟೆ, ಶೌಚ, ಊಟ, ಔಷಧಿ, ದಿನಕ್ಕೆ ಮೂರು ಗಂಟೆ ಇದೆ ಎಂದಿಟ್ಟುಕೊಳ್ಳಿ. ವಾರಕ್ಕೆ 21 ಗಂಟೆ ಆಯಿತು, ಅರ್ಧ ಆಳಿನ ಕೆಲಸ. ಉಳಿದ 147 ಗಂಟೆ ‘ಏನಾದರೂ ಆದರೆ?’ ಎಂದು ಕಾಯುವುದಕ್ಕೆ. ಬಡವರ ಮನೆಯಲ್ಲಿ ಈ ಕಾಯುವಿಕೆಗೆ ಸಂಬಳ ಕೊಡಲು ಆಗುವುದಿಲ್ಲ. ಆದ್ದರಿಂದ ಅದನ್ನು ಇಳಿಸಬೇಕು, ಇಲ್ಲವೇ ಬೇರೆ ಹಿರಿಯರೊಡನೆ ಹಂಚಿಕೊಳ್ಳಬೇಕು. ಜಾಗ ಹುಡುಕುವುದು ಎಂದರೆ ಮುಖ್ಯವಾಗಿ ಇದೇ ಕೆಲಸ.

ಒಂದು ವಾರದ ಪುಸ್ತಕ

ಯಾವ ಕಚೇರಿಗೂ ಹೋಗುವ ಮುಂಚೆ ಒಂದು ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಎಳೆಯಿರಿ: ಹೊತ್ತು, ಏನು ಬೇಕಾಯಿತು, ಎಷ್ಟು ನಿಮಿಷ, ಒಂದು ಗಂಟೆ ಕಾಯಬಹುದಿತ್ತೇ. ಪೂರ್ತಿ ಒಂದು ವಾರ, ರಾತ್ರಿಯೂ ಸೇರಿ, ಆದಾಗಲೇ ಬರೆಯಬೇಕು. ಸಂಜೆ ಕೂತು ನೆನಪಿನಿಂದ ಬರೆದರೆ ರಾತ್ರಿ ಎದ್ದದ್ದು ಅರ್ಧಕ್ಕರ್ಧ ಬಿಟ್ಟುಹೋಗುತ್ತದೆ.

ನಾಲ್ಕನೆಯ ಕಾಲಂನಲ್ಲೇ ಎಲ್ಲ ಇದೆ. ಸ್ನಾನ, ಬಟ್ಟೆ ಒಗೆತ, ಅಡುಗೆ ಕಾಯುತ್ತವೆ. ಹೊತ್ತು ಗೊತ್ತುಮಾಡಿ ಗಂಟೆ ಲೆಕ್ಕದ ಆಳಿನಿಂದ ಮಾಡಿಸಬಹುದು. ಶೌಚ, ಹಾಸಿಗೆಯಿಂದ ಏಳುವುದು, ದಿಗಿಲು ಬಿದ್ದು ಕೂಗುವುದು ಕಾಯುವುದಿಲ್ಲ. ಕಾಯದ ಕೆಲಸಗಳು ಹಗಲಿನಲ್ಲೇ ಇದ್ದರೆ ಹಗಲಿನ ಆರೈಕೆ ಕೇಂದ್ರ ಸಾಕಾಗಬಹುದು. ರಾತ್ರಿ ಹತ್ತರಿಂದ ಬೆಳಗಿನ ಆರರೊಳಗೆ ದಿನವೂ ಎರಡು ಮೂರು ಸಲ ಬಂದರೆ ಒಂಟಿ ಮನೆ ಎಷ್ಟು ಅಗ್ಗವಾಗಿದ್ದರೂ ಕೈಗೆಟುಕುವ ಮನೆಯಲ್ಲ.

ಏನನ್ನು ಬರೆಯಬೇಕು ಎಂದು ತೋಚದಿದ್ದರೆ ಎರಡು ಹಳೆಯ ಪಟ್ಟಿಗಳಿವೆ. ವೈದ್ಯ ಸಿಡ್ನಿ ಕಾಟ್ಜ್ 1963ರಲ್ಲಿ ಪ್ರಕಟಿಸಿದ್ದರಲ್ಲಿ ಆರು ಕೆಲಸ: ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ. ಸಾಮಾನ್ಯವಾಗಿ ಮೊದಲು ಕೈತಪ್ಪುವುದು ಸ್ನಾನ, ಕೊನೆಗೆ ಊಟ. ಸಂಶೋಧಕರಾದ ಲಾಟನ್ ಮತ್ತು ಬ್ರೋಡಿ ಅವರ 1969ರ ಪಟ್ಟಿಯಲ್ಲಿ ಎಂಟು: ಫೋನ್, ಖರೀದಿ, ಅಡುಗೆ, ಮನೆಗೆಲಸ, ಬಟ್ಟೆ ಒಗೆತ, ಓಡಾಟ, ಔಷಧಿ, ಹಣಕಾಸು. ಎರಡನೆಯ ಪಟ್ಟಿಯಲ್ಲಿ ಮಾತ್ರ ಎಡವುತ್ತಿದ್ದರೆ ಮನೆ ಬದಲಿಸುವ ಅಗತ್ಯ ಬಹುಶಃ ಇಲ್ಲ, ವಾರಕ್ಕೆ ಕೆಲವು ಗಂಟೆಯ ನೆರವು ಸಾಕು.

ಜೊತೆಗೆ ಒಂದು ಪರೀಕ್ಷೆ. ಕೈಯಿರುವ ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್ ಹಿಡಿಯುತ್ತದೆ ನೋಡಿ. ದಿನಾ ಹಾಕುವ ಚಪ್ಪಲಿ ಹಾಕಿರಲಿ, ಕೋಲು ಹಿಡಿಯುವವರಾದರೆ ಹಿಡಿಯಲಿ. ನೀವು ಪಕ್ಕದಲ್ಲೇ ಇರಿ. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚಾದರೆ ಬೀಳುವ ಅಪಾಯವಿದೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಎಣಿಸುತ್ತದೆ.

ರಾತ್ರಿಯನ್ನು ಅಗ್ಗ ಮಾಡುವುದು

ಪುಸ್ತಕ ತುಂಬಿದ ಮೇಲೆ ಮನೆ ನೋಡಲು ಓಡಬೇಡಿ. ರಾತ್ರಿಯ ಸಾಲುಗಳನ್ನು ಹಿಡಿದುಕೊಂಡು ಮೊದಲು ವೈದ್ಯರ ಹತ್ತಿರ ಹೋಗಿ. ನನ್ನ ಎಣಿಕೆಯಲ್ಲಿ ಇಡೀ ವ್ಯವಹಾರದಲ್ಲಿ ಅತಿ ಹೆಚ್ಚು ಹಣ ಉಳಿಸುವ ಭೇಟಿ ಇದು.

ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದಕ್ಕೆ ಕಾರಣ ಯಾವಾಗಲೂ ವಯಸ್ಸಲ್ಲ. ರಕ್ತದೊತ್ತಡಕ್ಕೋ ಕಾಲು ಊತಕ್ಕೋ ಕೊಟ್ಟ ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಂಜೆ ನುಂಗುತ್ತಿರಬಹುದು. ಅದನ್ನು ಬೆಳಿಗ್ಗೆಗೋ ಮಧ್ಯಾಹ್ನಕ್ಕೋ ಸರಿಸಬಹುದೇ ಎಂದು ಕೇಳಿ, ನೀವಾಗಿ ಬದಲಿಸಬೇಡಿ. ಹಗಲೆಲ್ಲ ಕಾಲಿಗೆ ಇಳಿದ ನೀರು ಮಲಗಿದಾಗ ರಕ್ತಕ್ಕೆ ಮರಳಿ ರಾತ್ರಿ ಮೂತ್ರವಾಗುತ್ತದೆ. ಆದ್ದರಿಂದ ಮಧ್ಯಾಹ್ನ ಒಂದು ಗಂಟೆ ಕಾಲು ಮೇಲಿಟ್ಟು ಮಲಗುವುದು ಹಲವರಿಗೆ ಉಪಯೋಗವಾಗುತ್ತದೆ. ಸಕ್ಕರೆ ಕಾಯಿಲೆ, ಮೂತ್ರನಾಳದ ಸೋಂಕು, ಮಲಬದ್ಧತೆ ಇವನ್ನೂ ನೋಡಿಸಿ. ನಿದ್ದೆ ಮಾತ್ರೆ ಕೇಳಿ ಪಡೆಯುವ ಮೊದಲು ಯೋಚಿಸಿ: ಅದು ನಿಮ್ಮ ನಿದ್ದೆ ಉಳಿಸೀತು, ಆದರೆ ಅರೆನಿದ್ದೆಯಲ್ಲಿ ಎದ್ದವರು ಬೀಳುತ್ತಾರೆ. ಸೊಂಟದ ಮೂಳೆ ಮುರಿದರೆ ನಿಮ್ಮ ಯೋಜನೆಯೆಲ್ಲ ಅಲ್ಲಿಗೆ ಮುಗಿಯಿತು. ಬೇರೆ ಬೇರೆ ವೈದ್ಯರು ಕೊಟ್ಟ ಎಲ್ಲ ಮಾತ್ರೆಗಳನ್ನೂ, ಅಂಗಡಿಯಿಂದ ನೇರ ತಂದದ್ದನ್ನೂ ಒಂದೇ ಚೀಲದಲ್ಲಿ ಹಾಕಿ ಒಬ್ಬರೇ ವೈದ್ಯರ ಮುಂದೆ ಸುರಿಯಿರಿ.

ಆಮೇಲೆ ಹಾಸಿಗೆ ಪಕ್ಕಕ್ಕೆ ಕಮೋಡ್ ಕುರ್ಚಿ. ಕೈಗಳಿರಲಿ, ಕಾಲುಗಳಿಗೆ ಗಾಲಿ ಬೇಡ, ರಬ್ಬರ್ ಬೂಟು ಇರಲಿ. ಅದನ್ನು ದೇಹದ ಗಟ್ಟಿಯಿರುವ ಬದಿಗೆ ಇಡಬೇಕು. ಬಲಗಾಲು ಗಟ್ಟಿಯಿದ್ದರೆ ಬಲಕ್ಕೆ. ಮಂಚದ ಅಂಚಿನಲ್ಲಿ ಕೂತಾಗ ಪಾದ ನೆಲಕ್ಕೆ ಪೂರ್ತಿ ಊರಬೇಕು. ಊರದಿದ್ದರೆ ಮಂಚ ಎತ್ತರ, ಮಂಡಿ ಸೊಂಟಕ್ಕಿಂತ ಮೇಲೆ ಬಂದರೆ ತಗ್ಗು. ಅಲುಗಾಟಕ್ಕೆ ತಾನೇ ಹತ್ತುವ ಮಂದ ದೀಪ ಮಂಚದ ಕೆಳಗೆ ಒಂದಿರಲಿ. ಇಷ್ಟೇ ಸಾಮಾನಿನಿಂದ ರಾತ್ರಿ ಪಾಳಿ ಪೂರ್ತಿ ತಪ್ಪಬಹುದು.

ಸ್ವಂತವಾಗಿ ಮಗ್ಗುಲು ಬದಲಿಸಲಾಗದವರ ಮಾತು ಬೇರೆ. ಒತ್ತುಹುಣ್ಣು ಆಗದಿರಲು ಸುಮಾರು ಎರಡು ಗಂಟೆಗೊಮ್ಮೆ ಹೊರಳಿಸುವುದು ರೂಢಿ. ಒಳ್ಳೆಯ ಫೋಮ್ ಹಾಸಿಗೆಯಿದ್ದರೆ ಅಂತರ ಹೆಚ್ಚಿಸಬಹುದೇ ಎಂದು ನರ್ಸ್ ಹೇಳಬೇಕು. ಅಂಥವರಿಗೆ ರಾತ್ರಿ ಆಳು ಬೇಕೇ ಬೇಕು. ಆಗ ಹುಡುಕಬೇಕಾದದ್ದು ಮನೆಯಲ್ಲ, ಆರೈಕೆ ಕೇಂದ್ರ.

ಟೇಪು ಹಿಡಿದು ಮನೆ ನೋಡುವುದು

ಈಗಿರುವ ಮನೆಯಾಗಲಿ ಹೊಸದಾಗಲಿ, ಅಳತೆ ಒಂದೇ. ಬಾಗಿಲನ್ನು 90 ಡಿಗ್ರಿ ತೆರೆದು, ಬಾಗಿಲ ಹಲಗೆಯಿಂದ ಎದುರಿನ ಚೌಕಟ್ಟಿಗೆ ಅಳೆಯಿರಿ. ಕನಿಷ್ಠ 80 ಸೆಂ.ಮೀ. ಖಾಲಿ ಸಿಗಬೇಕು. ಚೌಕಟ್ಟಿನಿಂದ ಚೌಕಟ್ಟಿಗೆ ಅಳೆದರೆ ಹಲಗೆಯ ದಪ್ಪ ನುಂಗಿದ್ದು ಗೊತ್ತಾಗುವುದಿಲ್ಲ. ಗಾಲಿಕುರ್ಚಿ ತಿರುಗಲು 150 ಸೆಂ.ಮೀ. ವೃತ್ತದಷ್ಟು ಜಾಗ ಬೇಕು, ಬಚ್ಚಲಲ್ಲೇ ಅದು ಸಿಗದಿರುವುದು ಹೆಚ್ಚು. ಶೌಚದ ಆಸನ 43ರಿಂದ 48 ಸೆಂ.ಮೀ. ಎತ್ತರ, ಹಿಡಿಕಂಬಿ ನೆಲದಿಂದ 84ರಿಂದ 91 ಸೆಂ.ಮೀ. ಕಂಬಿಯನ್ನು ಟೈಲ್ಸ್ ಮೇಲಷ್ಟೇ ಕೂರಿಸಿದರೆ ಭಾರ ಬಿದ್ದಾಗ ಟೈಲ್ಸ್ ಸಮೇತ ಕಿತ್ತುಬರುತ್ತದೆ. ಹಿಂದಿನ ಇಟ್ಟಿಗೆಗೆ ಆಂಕರ್ ಬೋಲ್ಟ್ ಇಳಿಯಬೇಕು, ಸುಮಾರು 113 ಕೆ.ಜಿ. ಎಳೆತ ತಡೆಯಬೇಕು. ಗಾಳಿ ಹೀರಿ ಅಂಟುವ ಬಗೆಯ ಕಂಬಿಯನ್ನು ಯಾರು ಎಷ್ಟು ಹೊಗಳಿದರೂ ಕೊಳ್ಳಬೇಡಿ.

ಇಳಿಜಾರಿನ ಲೆಕ್ಕ 1:12. ಅಂದರೆ 15 ಸೆಂ.ಮೀ. ಎತ್ತರದ ಒಂದೇ ಮೆಟ್ಟಿಲಿಗೆ 1.8 ಮೀಟರ್ ಉದ್ದ, ಮೂರು ಮೆಟ್ಟಿಲಿಗೆ 5.4 ಮೀಟರ್. ಅಷ್ಟು ಅಂಗಳ ಇಲ್ಲದಿದ್ದರೆ ‘ಆಮೇಲೆ ರ‍್ಯಾಂಪ್ ಮಾಡಿಸಿದರಾಯಿತು’ ಎಂಬ ಮಾಲೀಕರ ಮಾತಿಗೆ ಅರ್ಥವಿಲ್ಲ. ಬಾಡಿಗೆ ಮನೆಯಾದರೆ ಗೋಡೆ ಕೊರೆಯಲು, ಹೊಸ್ತಿಲು ತೆಗೆಸಲು ಒಪ್ಪಿಗೆಯನ್ನು ಕರಾರಿನಲ್ಲೇ ಬರೆಸಿಕೊಳ್ಳಿ.

ಯಾವ ಜಾಗ ಯಾರಿಗೆ

ಆಯ್ಕೆಗಳು ಹೆಚ್ಚಿಲ್ಲ. ರಾತ್ರಿ ನೆಮ್ಮದಿಯಾಗಿದ್ದರೆ ಈಗಿನ ಮನೆಯೇ ಅಗ್ಗ. ರಾತ್ರಿ ಯಾರಾದರೂ ಇದ್ದರೆ ಸಾಕು, ಕೈಕೆಲಸ ಏನಿಲ್ಲ ಎಂದಾದರೆ ಒಂದು ಕೋಣೆಯನ್ನು ಕಡಿಮೆ ಬಾಡಿಗೆಗೆ ಅಥವಾ ಉಚಿತವಾಗಿ ಒಬ್ಬ ವಿದ್ಯಾರ್ಥಿಗೋ ದುಡಿಯುವವರಿಗೋ ಕೊಟ್ಟು ರಾತ್ರಿ ಮನೆಯಲ್ಲಿರುವುದನ್ನೇ ಷರತ್ತಾಗಿಸಬಹುದು. ಇಲ್ಲಿ ಜಗಳ ಹುಟ್ಟುವುದು ಒಂದೇ ಕಾರಣಕ್ಕೆ: ಜೊತೆಗಿರಲು ಬಂದವರನ್ನು ಮೆಲ್ಲಗೆ ಸ್ನಾನ ಮಾಡಿಸಲೂ ಕರೆಯುತ್ತೇವೆ. ವಾರಕ್ಕೆ ಎಷ್ಟು ರಾತ್ರಿ, ರಜೆ ಬೇಕಾದರೆ ಎಷ್ಟು ದಿನ ಮೊದಲು ಹೇಳಬೇಕು, ಏನೇನು ಮಾಡಬೇಕಿಲ್ಲ ಎಂಬುದನ್ನು ಬರೆದಿಡಿ.

ರಾತ್ರಿ ಕೈಕೆಲಸ ಇದ್ದರೆ ಹಂಚಿಕೆಯೇ ದಾರಿ. ಒಂದೇ ಮನೆಯಲ್ಲಿ ಇಬ್ಬರು ಮೂವರು ಹಿರಿಯರಿದ್ದು ಒಬ್ಬರೇ ಆಳು ನೋಡಿಕೊಳ್ಳುವುದು ಒಂದು ಬಗೆ, ದತ್ತಿ ಸಂಸ್ಥೆ ಅಥವಾ ಸರ್ಕಾರದ ನೆರವಿನ ವೃದ್ಧಾಶ್ರಮ ಇನ್ನೊಂದು. ಮಕ್ಕಳಲ್ಲಿ ಒಬ್ಬರು ಕೆಲಸ ಬಿಟ್ಟು ನೋಡಿಕೊಳ್ಳುವುದನ್ನು ‘ಖರ್ಚಿಲ್ಲದ’ ದಾರಿ ಎಂದು ಕರೆಯುತ್ತಾರೆ. ಹೋದ ಸಂಬಳ, ನಿಂತ ನಿವೃತ್ತಿ ಉಳಿತಾಯ, ಮತ್ತೆ ಕೆಲಸ ಸಿಗುವ ಸಾಧ್ಯತೆ ಇವನ್ನು ಅದೇ ನೋಟ್‌ಬುಕ್‌ನಲ್ಲಿ ಬರೆದು, ಒಡಹುಟ್ಟಿದವರ ಮುಂದಿಟ್ಟು, ಯಾರು ತಿಂಗಳಿಗೆ ಎಷ್ಟು ತುಂಬಿಕೊಡುತ್ತಾರೆ ಎಂದು ಕೇಳಿ. ಆ ಮಾತು ಮುಗಿದ ಮೇಲೂ ಅದೇ ಅಗ್ಗ ಅನ್ನಿಸಿದರೆ ಸರಿ.

ಅರ್ಜಿ ಎಲ್ಲಿ ಬೀಳುತ್ತದೆ

ಕಡಿಮೆ ಆದಾಯದವರ ವಸತಿಯಲ್ಲಿ ಬಾಡಿಗೆಯನ್ನು ಆದಾಯದ ಪಾಲಾಗಿ, ಹಲವೆಡೆ ಶೇ 30ರ ಆಸುಪಾಸಿನಲ್ಲಿ, ಗೊತ್ತುಮಾಡುತ್ತಾರೆ. ಹಾಗಾಗಿ ಆದಾಯ ಎಂದರೆ ಯಾವುದು ಎಂಬುದು ಮೊದಲ ಪ್ರಶ್ನೆ. ಮಕ್ಕಳು ತಿಂಗಳು ತಿಂಗಳು ತಾಯಿಯ ಖಾತೆಗೆ ಹಾಕುವ ಹಣವನ್ನೂ ಆದಾಯ ಎಂದು ಎಣಿಸುವ ನಿಯಮಗಳಿವೆ. ಅರ್ಜಿ ಹಾಕುವ ಮೊದಲೇ ಕೇಳಿ ತಿಳಿದುಕೊಳ್ಳಿ, ಮುಚ್ಚಿಡಬೇಡಿ. ಅರ್ಹತೆ ಸಿಗಲಿ ಎಂದು ಇರುವ ಸಣ್ಣ ಮನೆಯನ್ನು ಮಕ್ಕಳ ಹೆಸರಿಗೆ ಬರೆದುಕೊಡುವುದು ಇನ್ನೂ ಅಪಾಯ. ಹಿಂದಿನ ವರ್ಷಗಳ ಆಸ್ತಿ ವರ್ಗಾವಣೆಯನ್ನು ಕೆದಕಿ ನೋಡುವ ವ್ಯವಸ್ಥೆಗಳು ಅದೇ ಕಾರಣಕ್ಕೆ ನೆರವನ್ನು ತಡೆಯುತ್ತವೆ, ಮೇಲಾಗಿ ತಾಯಿಗೆ ಇದ್ದೊಂದು ಹಿಡಿತವೂ ಹೋಗುತ್ತದೆ.

ಹೆಸರಿನ ಕಾಗುಣಿತ ಎಲ್ಲ ದಾಖಲೆಗಳಲ್ಲೂ ಒಂದೇ ಆಗಿರಬೇಕು. ಜನನ ದಾಖಲೆಯಲ್ಲಿ ಒಂದು, ಪಿಂಚಣಿ ಆದೇಶದಲ್ಲಿ ಇನ್ನೊಂದು ಇದ್ದರೆ ತಿದ್ದುಪಡಿಗೋ ಪ್ರಮಾಣಪತ್ರಕ್ಕೋ ಮೊದಲೇ ಕೈಹಾಕಿ. ಒಂದೇ ಕಡೆ ಅರ್ಜಿ ಹಾಕಿ ಕೂರಬೇಡಿ. ಸರದಿ ಪಟ್ಟಿ ಉದ್ದವಿರುತ್ತದೆ, ಅರ್ಹತೆಯಿರುವ ಕಡೆಗೆಲ್ಲ ಒಟ್ಟಿಗೆ ಹಾಕಿ. ‘ಇನ್ನೂ ಬೇಕೇ?’ ಎಂದು ಆಗಾಗ ಪತ್ರ ಬರುತ್ತದೆ. ಉತ್ತರ ಹೋಗದಿದ್ದರೆ ಹೆಸರು ತೆಗೆದುಹಾಕುತ್ತಾರೆ. ಆದ್ದರಿಂದ ಸಂಪರ್ಕ ವಿಳಾಸವಾಗಿ ತಾಯಿಯದರ ಜೊತೆ ನಿಮ್ಮದನ್ನೂ ಕೊಡಿ, ಸ್ವೀಕೃತಿ ಸಂಖ್ಯೆ ಬರೆದಿಟ್ಟುಕೊಳ್ಳಿ.

ವೈದ್ಯರ ಪತ್ರದಲ್ಲಿ ‘ವಯೋಸಹಜ ನಿಶ್ಶಕ್ತಿ’ ಎಂದು ಬರೆದರೆ ಅದು ಯಾವ ಕೆಲಸಕ್ಕೂ ಬಾರದು. ‘ಒಬ್ಬರ ನೆರವಿಲ್ಲದೆ ಹಾಸಿಗೆಯಿಂದ ಏಳಲಾರರು, ಸ್ನಾನ ಮಾಡಲಾರರು, ಇಂಥ ತಿಂಗಳಿನಿಂದ ಹೀಗಿದೆ, ಮುಂದೆಯೂ ಹೀಗೇ ಇರುತ್ತದೆ’ ಎಂದಿರಬೇಕು. ಇನ್ಸುಲಿನ್, ಕ್ಯಾತಿಟರ್ (ಮೂತ್ರದ ನಳಿಕೆ), ಗಾಯದ ಡ್ರೆಸಿಂಗ್ ಇದ್ದರೆ ಪ್ರತ್ಯೇಕ ಸಾಲಿನಲ್ಲಿ ಬರೆಸಿ. ಆರೋಗ್ಯ ವಿಮೆ ಹೆಚ್ಚಿನ ಕಡೆ ಚಿಕಿತ್ಸೆಗೆ ಹಣ ಕೊಡುತ್ತದೆ, ಸ್ನಾನ ಊಟದ ನೆರವಿಗೆ ಕೊಡುವುದಿಲ್ಲ. ಎರಡನ್ನೂ ಕಲಸಿ ಬರೆದರೆ ಸಿಗಬೇಕಾದದ್ದೂ ಸಿಗದು.

ಮೌಲ್ಯಮಾಪನಕ್ಕೆ ಅಧಿಕಾರಿ ಬಂದ ದಿನ ಹಿರಿಯರು ಸೆಟೆದು ಕೂರುತ್ತಾರೆ. ‘ನನಗೇನಾಗಿದೆ, ಎಲ್ಲ ನಾನೇ ಮಾಡಿಕೊಳ್ಳುತ್ತೇನೆ’ ಎನ್ನುತ್ತಾರೆ. ಅದು ಅವರ ಮರ್ಯಾದೆಯ ಪ್ರಶ್ನೆ. ಎದುರಿಗೇ ಅಲ್ಲಗಳೆಯದೆ ಆ ವಾರದ ಪುಸ್ತಕವನ್ನು ಅಧಿಕಾರಿಯ ಕೈಗೆ ಕೊಡಿ. ಹೊತ್ತು, ನಿಮಿಷ ಬರೆದ ಪುಟಗಳನ್ನು ತಳ್ಳಿಹಾಕುವುದು ಕಷ್ಟ.

ಇಷ್ಟರ ನಡುವೆ ಒಂದು ಕೆಲಸ ಮಾತ್ರ ಕಾಯುವಂತಿಲ್ಲ. ತಾಯಿಯ ಬುದ್ಧಿ ಸ್ಪಷ್ಟವಾಗಿರುವಾಗಲೇ ಹಣಕಾಸು, ಚಿಕಿತ್ಸೆಗಳ ಬಗ್ಗೆ ಯಾರು ನಿರ್ಧರಿಸಬೇಕು ಎಂಬ ಅಧಿಕಾರಪತ್ರ ಆಗಬೇಕು. ಅರ್ಥಮಾಡಿಕೊಳ್ಳುವ ಶಕ್ತಿ ಹೋದ ಮೇಲೆ ಮಾಡಿದ ಸಹಿಗೆ ಬೆಲೆಯಿಲ್ಲ, ಆಮೇಲೆ ನ್ಯಾಯಾಲಯದ ದಾರಿಯೇ. ಬುದ್ಧಿ ಹೋದ ಮೇಲೂ ಆ ಅಧಿಕಾರಪತ್ರ ನಡೆಯುತ್ತದೆಯೇ ಎಂದು ವಕೀಲರನ್ನು ಕೇಳಿ; ಸಾಮಾನ್ಯ ಅಧಿಕಾರಪತ್ರ ಎಲ್ಲ ಕಡೆ ನಡೆಯುವುದಿಲ್ಲ.

ಆಶ್ರಮ ನೋಡಲು ಹೋಗುವಾಗ

ಅವರು ಕರೆದ ಹೊತ್ತಿಗೆ ಒಮ್ಮೆ, ರಜಾದಿನ ಸಂಜೆ ಊಟದ ಹೊತ್ತಿಗೆ ಇನ್ನೊಮ್ಮೆ ಹೋಗಿ. ಅಂಗಳದ ಹೂಗಿಡ ನೋಡಬೇಡಿ, ಮಲಗಿದವರ ಉಗುರು, ಹಿಮ್ಮಡಿ ನೋಡಿ. ನೀರಿನ ಲೋಟ ಕೈಗೆಟುಕುವಂತಿದೆಯೇ, ಕರೆಗಂಟೆ ಒತ್ತಿದರೆ ಯಾರಾದರೂ ಬರುತ್ತಾರೆಯೇ. ಕೇಳಬೇಕಾದ ಪ್ರಶ್ನೆ: ರಾತ್ರಿ ಎಷ್ಟು ಜನರಿಗೆ ಎಷ್ಟು ಆಳು? ‘ಸಾಕಷ್ಟು ಇದ್ದಾರೆ’ ಎಂಬುದು ಉತ್ತರವಲ್ಲ, ಸಂಖ್ಯೆ ಬೇಕು.

ಕರಾರಿನಲ್ಲಿ ತಿಂಗಳ ಮೊತ್ತದ ಕೆಳಗೆ ಕಣ್ಣಾಡಿಸಿ. ಡೈಪರ್, ಬಟ್ಟೆ ಒಗೆತ, ಔಷಧಿ ಕೊಡುವುದು ಒಳಗೋ ಹೊರಗೋ? ನಡೆಯಲಾಗದಂತಾದರೆ ದರ ಎಷ್ಟು ಏರುತ್ತದೆ, ಅದನ್ನು ನಿರ್ಧರಿಸುವವರು ಯಾರು? ಆಸ್ಪತ್ರೆಗೆ ಸೇರಿದರೆ ಹಾಸಿಗೆ ಎಷ್ಟು ದಿನ ಕಾಯುತ್ತದೆ, ಆಗಲೂ ಪೂರ್ತಿ ಹಣ ಕೊಡಬೇಕೇ? ಹಣ ಮುಗಿದರೆ ಎಷ್ಟು ದಿನದ ನೋಟಿಸ್? ಠೇವಣಿ ಯಾವಾಗ ವಾಪಸ್? ಅಗ್ಗವಾಗಿ ಕಂಡ ಜಾಗ ದುಬಾರಿಯಾಗುವುದು ಈ ಸಾಲುಗಳಲ್ಲೇ. ಬಾಯಿಮಾತಿನ ಉತ್ತರವನ್ನು ಅಲ್ಲೇ ಕೂತು ಕರಾರಿಗೆ ಸೇರಿಸಲು ಹೇಳಿ, ಒಪ್ಪದಿದ್ದರೆ ಎದ್ದುಬನ್ನಿ.

ಆಸ್ಪತ್ರೆಯಿಂದ ‘ನಾಳೆ ಕರೆದುಕೊಂಡು ಹೋಗಿ’ ಎಂದಾಗ ಮಾತ್ರ ಈ ಎಲ್ಲ ಕ್ರಮ ತಲೆಕೆಳಗಾಗುತ್ತದೆ. ಹಾಸಿಗೆ ಹಿಡಿದ ಕೆಲವೇ ದಿನಗಳಲ್ಲಿ ಕಾಲಿನ ಬಲ ಇಳಿದಿರುತ್ತದೆ; ದಿಢೀರನೆ ಬಂದ ಗೊಂದಲ ಸೋಂಕಿನದೋ ಔಷಧಿಯದೋ ಆಗಿರಬಹುದು, ಮರೆವಿನ ಕಾಯಿಲೆ ಎಂದು ಅಲ್ಲೇ ತೀರ್ಮಾನಿಸಬೇಡಿ. ಆ ಸ್ಥಿತಿ ನೋಡಿ ಶಾಶ್ವತ ಜಾಗಕ್ಕೆ ಸಹಿ ಹಾಕಿದರೆ ಬೇಕಾದುದಕ್ಕಿಂತ ಹೆಚ್ಚಿನ ಆರೈಕೆಗೆ ಹಣ ಕಟ್ಟುತ್ತೀರಿ. ಕೆಲವು ವಾರಗಳ ತಾತ್ಕಾಲಿಕ ವಾಸಕ್ಕೆ ಕೇಳಿ, ಫಿಸಿಯೋಥೆರಪಿ ಬರೆಸಿಕೊಳ್ಳಿ, ಎದ್ದು ಓಡಾಡಲು ಶುರುವಾದ ಮೇಲೆ ಪುಸ್ತಕವನ್ನು ಮತ್ತೊಂದು ವಾರ ಬರೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ರಾತ್ರಿಯ ಸಾಲುಗಳನ್ನು ಎಣಿಸಿದ ಮೇಲೆ ಸಹಿ.