ಪೂರ್ತಿ ಬಿಚ್ಚದೆ ಎಂಜಿಬಿ ರಿಪೇರಿ ಮಾಡಿದ್ದು

ಹಳೇ ಸ್ಪೋರ್ಟ್ಸ್ ಕಾರು ಕೊಂಡವರಲ್ಲಿ ಎಷ್ಟೋ ಜನ ಮೊದಲು ಮಾಡುವ ಕೆಲಸ ಅದನ್ನು ಪೂರ್ತಿ ಬಿಚ್ಚಿ ಹಾಕುವುದು. ಬಿಚ್ಚುವುದು ಸುಲಭ, ಖುಷಿಯ ಕೆಲಸ ಕೂಡ. ಜೋಡಿಸುವಾಗ ಉತ್ಸಾಹ ಇಳಿದಿರುತ್ತದೆ. ನಟ್ಟು ಬೋಲ್ಟು ತುಂಬಿದ ಡಬ್ಬಗಳ ಜೊತೆಗೇ ಮಾರಾಟಕ್ಕೆ ಬರುವ ಕಾರುಗಳನ್ನು ನೋಡಿದ್ದೀರಲ್ಲ, ಅವುಗಳ ಕಥೆ ಇದೇ. ನನ್ನದು 1966ರ ಎಂಜಿಬಿ ರೋಡ್‌ಸ್ಟರ್. ಅದನ್ನು ನಾನು ಯಾವತ್ತೂ ಪೂರ್ತಿ ಬಿಚ್ಚಿಲ್ಲ. ಒಂದು ಭಾಗ ಬಿಚ್ಚುವುದು, ಸರಿಮಾಡುವುದು, ಜೋಡಿಸುವುದು, ಕಾರು ಓಡಿಸಿ ನೋಡುವುದು. ಆಮೇಲೆಯೇ ಮುಂದಿನ ಭಾಗಕ್ಕೆ ಕೈ ಹಾಕುವುದು. ಹೀಗೆ ಮಾಡಿದರೆ ಹೊಸ ತೊಂದರೆ ಬಂದಾಗ ಎಲ್ಲಿ ಹುಡುಕಬೇಕು ಅನ್ನುವುದೂ ಗೊತ್ತಿರುತ್ತದೆ. ಕೊನೆಗೆ ಮುಟ್ಟಿದ್ದು ಎಲ್ಲಿಯೋ ಅಲ್ಲೇ.

ಮನೆಯಲ್ಲೇ ಕೆಲಸ ಮಾಡುವವರಿಗೆ ಎಂಜಿಬಿ ಒಳ್ಳೆಯ ಆಯ್ಕೆ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾಯಿತು. ಗಟ್ಟಿ ಚಾವಣಿಯ ಜಿಟಿ ಮಾದರಿಯೂ ಸೇರಿ ಐದು ಲಕ್ಷಕ್ಕಿಂತ ಜಾಸ್ತಿ ಹೊರಬಂದವು. ಹಾಗಾಗಿ ಬಿಡಿಭಾಗಕ್ಕೆ ಇವತ್ತಿಗೂ ಬರವಿಲ್ಲ. 1798 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಗಾಳಿಗೆ ಪೆಟ್ರೋಲ್ ಬೆರೆಸುವ ಎರಡು ಎಸ್‌ಯು ಕಾರ್ಬ್ಯುರೇಟರ್. ಕಂಪ್ಯೂಟರ್ ಅಂತ ಒಂದೂ ಇಲ್ಲ. ನಟ್ಟು ಬೋಲ್ಟುಗಳು ಮಾತ್ರ ಇಂಚಿನ ಲೆಕ್ಕದವು. ಮಿಲಿಮೀಟರ್ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಮೂಲೆ ಸವೆದು ಹೋಗುತ್ತದೆ. ಇಂಚಿನ ಸ್ಪ್ಯಾನರ್ ಸೆಟ್ ಮೊದಲೇ ಕೊಂಡುಬಿಡಿ.

ಮೊದಲು ಕೈ ಹಾಕಬೇಕಾದ್ದು ಎಂಜಿನ್ನಿಗಲ್ಲ, ಸಿಲ್‌ಗೆ. ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ತಗಡಿನ ಪೆಟ್ಟಿಗೆ ಇದೆಯಲ್ಲ, ಅದು. ಎಂಜಿಬಿಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ರೋಡ್‌ಸ್ಟರಿಗೆ ಮೇಲೆ ಚಾವಣಿಯೂ ಇಲ್ಲ. ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಹಿಡಿದಿಡುವ ಕೆಲಸದಲ್ಲಿ ದೊಡ್ಡ ಪಾಲು ಈ ಎರಡು ಸಿಲ್‌ಗಳದ್ದು. ಅವು ತುಕ್ಕು ಹಿಡಿದರೆ ಕಾರು ಹಳೇ ಮಂಚದ ಹಾಗೆ ನಡುವಿನಲ್ಲಿ ಬಗ್ಗುತ್ತದೆ.

ಪರೀಕ್ಷೆ ಸುಲಭ. ಬಾಗಿಲು ಮುಚ್ಚಿ, ಅದರ ಹಿಂದಿನ ಅಂಚಿನ ಸಂದನ್ನು ಮೇಲೆ, ಕೆಳಗೆ ಎರಡೂ ಕಡೆ ಅಳೆದುಕೊಳ್ಳಿ. ಪಕ್ಕದ ಜಾಕಿಂಗ್ ಪಾಯಿಂಟಿಗೆ ಜಾಕ್ ಕೊಟ್ಟು ನಿಧಾನವಾಗಿ ಎತ್ತಿ. ಸಂದು ಬದಲಾದರೆ, ಬಾಗಿಲು ತೆರೆಯಲು ಬಿಗಿಯಾದರೆ ಸಿಲ್ ಹೋಗಿದೆ ಅಂತಲೇ ಅರ್ಥ. ನನ್ನ ಕಾರಿನ ಸಿಲ್ ಹೊರಗಿನಿಂದ ಚೆನ್ನಾಗಿತ್ತು. ಅಯಸ್ಕಾಂತವೂ ಗಟ್ಟಿಯಾಗಿ ಅಂಟುತ್ತಿತ್ತು, ಅಂದರೆ ಪುಟ್ಟಿ ಅಲ್ಲ, ತಗಡೇ. ಆದರೂ ಜಾಕ್ ಎತ್ತಿದಾಗ ಸಂದು ಅಲುಗಿತು. ಮುಂದಿನ ಚಕ್ರ ಬಿಚ್ಚಿ, ಟಾರ್ಚ್ ಹಿಡಿದು ವಿಂಗ್ (ಚಕ್ರದ ಮೇಲಿನ ಬಾಡಿಯ ತಗಡು) ಒಳಗೆ ನೋಡಿದಾಗ ಗುಟ್ಟು ತಿಳಿಯಿತು. ಎಂಜಿಬಿಯ ನಿಜವಾದ ಸಿಲ್ ಬಾಗಿಲಿನಷ್ಟೇ ಉದ್ದ ಇರುವುದಿಲ್ಲ. ಮುಂದಿನ ವಿಂಗ್ ಒಳಗೂ ಹಿಂದಿನ ವಿಂಗ್ ಒಳಗೂ ಹಾಯುತ್ತದೆ. ಇದರಲ್ಲಿ ಯಾರೋ ಹಳೇ ಕೊಳೆತ ಸಿಲ್ ಮೇಲೆಯೇ ಹೊಸ ತಗಡು ಮುಚ್ಚಿ, ಕಾಣುವಷ್ಟು ಉದ್ದಕ್ಕೆ ಬೆಸುಗೆ ಹಾಕಿ ಬಣ್ಣ ಬಳಿದಿದ್ದರು. ಕಣ್ಣಿಗೆ ಹೊಸದು, ಭಾರ ಹೊರಲು ಏನೂ ಇಲ್ಲ.

ಸಿಲ್ ಅಂದರೆ ಒಂದೇ ತಗಡಲ್ಲ. ಹೊರಗಿನದು, ಒಳಗಿನದು, ಎರಡರ ಮಧ್ಯೆ ಒಂದು ಅಡ್ಡ ತಗಡು, ತಳದಲ್ಲಿ ಕ್ಯಾಸಲ್ ರೈಲ್ ಅನ್ನುವ ಭಾಗ. ಇವೆಲ್ಲ ಸೇರಿ ಪೆಟ್ಟಿಗೆ ಆಗುತ್ತದೆ. ಮಧ್ಯದ ತಗಡು ಬಿಟ್ಟು ಹೊರಗಿನದನ್ನು ಮಾತ್ರ ಬದಲಾಯಿಸಿದರೆ ದುಡ್ಡೂ ದಂಡ, ಕೆಲಸವೂ ದಂಡ.

ಕತ್ತರಿಸುವ ಮೊದಲು ಮಾಡುವ ತಯಾರಿಯೇ ಅರ್ಧ ಕೆಲಸ. ಪೆಟ್ರೋಲ್ ಟ್ಯಾಂಕ್ ಇಳಿಸಿ ಹೊರಗಿಟ್ಟೆ, ಬ್ಯಾಟರಿ ತೆಗೆದೆ. ಕಾರಿನ ತಳದಲ್ಲಿ ಹಾಯುವ ಪೆಟ್ರೋಲ್ ಪೈಪ್, ಬ್ರೇಕ್ ಪೈಪ್, ದಪ್ಪ ಬ್ಯಾಟರಿ ಕೇಬಲ್ ಎಲ್ಲಿವೆ ಅಂತ ಚಾಕ್‌ನಲ್ಲಿ ಗುರುತು ಹಾಕಿದೆ. ಕಾರನ್ನು ಸಮತಟ್ಟಾದ ನೆಲದ ಮೇಲೆ, ಸಸ್ಪೆನ್ಷನ್ ಕಡೆಯಿಂದ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿದೆ. ಬಾಗಿಲು ಮತ್ತೆ ಹಾಕಿ ಸಂದು ಮೇಲಿಂದ ಕೆಳಗೆ ಒಂದೇ ಅಗಲ ಬರುವ ತನಕ ಸ್ಟ್ಯಾಂಡುಗಳನ್ನು ಸರಿಹೊಂದಿಸಿದೆ. ಆಮೇಲೆ ಬಾಗಿಲ ಜಾಗದಲ್ಲಿ ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಚೌಕದ ಕಬ್ಬಿಣದ ಕೊಳವೆ ಬೆಸುಗೆ ಹಾಕಿದೆ. ಇಷ್ಟಾದ ಮೇಲೆಯೇ ಗ್ರೈಂಡರ್ ಕೈಗೆ ತೆಗೆದುಕೊಂಡಿದ್ದು. ಒಂದು ಪಕ್ಕ ಪೂರ್ತಿ ಮುಗಿಯುವ ತನಕ ಇನ್ನೊಂದು ಪಕ್ಕ ಮುಟ್ಟಲೇಬಾರದು.

ಮುಂದಿನ ವಿಂಗ್ ಬೋಲ್ಟಿನದು, ಬಿಚ್ಚಿದರೆ ಬರುತ್ತದೆ. ಹಿಂದಿನದು ಬರುವುದಿಲ್ಲ. ಅದರ ಕೆಳತುದಿ ಕತ್ತರಿಸಿ ಆಮೇಲೆ ತುಂಡು ಸೇರಿಸಬೇಕು. ಕಾರ್ಖಾನೆಯಲ್ಲಿ ಸ್ಪಾಟ್ ವೆಲ್ಡ್ ಇದ್ದ ಕಡೆಯೆಲ್ಲ ನಾನು ಹೊಸ ತಗಡಿನಲ್ಲಿ ತೂತು ಕೊರೆದು, ಆ ತೂತಿನ ಮೂಲಕ ಮಿಗ್ ವೆಲ್ಡರ್‌ನಿಂದ ತುಂಬಿದೆ. ತಗಡನ್ನು ಕ್ಲ್ಯಾಂಪ್ ಹಾಕಿ ಕೂರಿಸುವುದು, ಬಾಗಿಲು ಹಾಕಿ ಸಂದು ನೋಡುವುದು, ಅಲ್ಲಲ್ಲಿ ಚುಕ್ಕಿ ಬೆಸುಗೆ, ಮತ್ತೆ ಸಂದು ನೋಡುವುದು. ಒಂದೇ ಕಡೆ ಸಾಲಾಗಿ ಬೆಸುಗೆ ಹಾಕುತ್ತಾ ಹೋದರೆ ಬಿಸಿಗೆ ತಗಡು ತಿರುಚುತ್ತದೆ. ಒಂದು ಚುಕ್ಕಿ ಈ ತುದಿಗೆ, ಇನ್ನೊಂದು ಆ ತುದಿಗೆ. ಬೇಸರ ಬರುತ್ತದೆ, ಆದರೆ ಬೇರೆ ದಾರಿ ಇಲ್ಲ. ಕೊನೆಯಲ್ಲಿ ಸಿಲ್ ಒಳಗೆ ಉದ್ದ ಕೊಳವೆಯಿಂದ ತುಕ್ಕು ತಡೆಯುವ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಿ, ತಳದ ನೀರಿನ ತೂತುಗಳು ಮುಚ್ಚಿಹೋಗದಂತೆ ತಂತಿ ಹಾಕಿ ತೆರೆದೆ. ಆ ತೂತು ಮುಚ್ಚಿದ್ದಕ್ಕೇ ಹಳೇ ಸಿಲ್ ಒಳಗಿನಿಂದ ಕೊಳೆತಿದ್ದು.

ಬ್ರೇಕ್ ವಿಷಯದಲ್ಲಿ ಹೇಳಲು ಜಾಸ್ತಿ ಇಲ್ಲ. ಮುಂದೆ ಡಿಸ್ಕ್, ಹಿಂದೆ ಡ್ರಮ್. ರಬ್ಬರ್ ಹೋಸ್‌ಗಳನ್ನು ನೋಡಲು ಚೆನ್ನಾಗಿದ್ದರೂ ಬದಲಾಯಿಸಿ. ಅವು ಒಳಗಡೆ ಊದಿಕೊಳ್ಳುತ್ತವೆ. ಪೆಡಲ್ ಒತ್ತಿದಾಗ ಆಯಿಲ್ ಹೋಗುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ. ಸ್ವಲ್ಪ ದೂರ ಓಡಿಸಿ ಇಳಿದು ಚಕ್ರಗಳ ಹತ್ತಿರ ಕೈ ಹಿಡಿದು ನೋಡಿ. ಒಂದು ಮಾತ್ರ ಸುಡುವಷ್ಟು ಬಿಸಿ ಇದ್ದರೆ ಹೋಸನ್ನು ಅನುಮಾನಿಸಿ. ಬ್ರೇಕ್ ಪೈಪುಗಳಿಂದ ಗಾಳಿ ತೆಗೆಯುವಾಗ ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟುಕೊಳ್ಳಿ. ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಹಳೇ ಮಾಸ್ಟರ್ ಸಿಲಿಂಡರಿನ ಕೊನೆಯ ಭಾಗದಲ್ಲಿ ತುಕ್ಕು ಇರುತ್ತದೆ. ಪೆಡಲ್ ತಳಕ್ಕೆ ಮುಟ್ಟಿಸಿದರೆ ಒಳಗಿನ ರಬ್ಬರ್ ಸೀಲ್ ಅಲ್ಲಿಗೆ ಹೋಗಿ ಹರಿದುಹೋಗುತ್ತದೆ. ಡಾಟ್ 4 ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸುತ್ತೇನೆ.

ಈ ಕಾರಿನ ವಿದ್ಯುತ್ ಭಾಗಗಳನ್ನು ಮಾಡಿದ ಲ್ಯೂಕಾಸ್ ಕಂಪನಿಯ ವೈರಿಂಗ್ ಬಗ್ಗೆ ಜೋಕುಗಳು ಬೇಕಾದಷ್ಟಿವೆ. ನನ್ನ ಅಭಿಪ್ರಾಯದಲ್ಲಿ ತಪ್ಪು ಬಹಳ ಮಟ್ಟಿಗೆ ವೈರಿನದಲ್ಲ, ಅದರ ತುದಿಯದು. ಮೊದಲು ಬಣ್ಣ ಕಲಿತುಬಿಡಿ. ಕಂದು ವೈರ್ ಬ್ಯಾಟರಿಯಿಂದ ನೇರ, ಫ್ಯೂಸ್ ಇಲ್ಲ. ನೇರಳೆ ಫ್ಯೂಸ್ ದಾಟಿ ಬಂದದ್ದು, ಯಾವಾಗಲೂ ಕರೆಂಟ್ ಇರುತ್ತದೆ. ಬಿಳಿ ಇಗ್ನಿಷನ್. ಹಸಿರು ಇಗ್ನಿಷನ್ ಆನ್ ಆದಾಗ ಫ್ಯೂಸ್ ಮೂಲಕ ಬರುವುದು. ನೀಲಿ ಹೆಡ್‌ಲೈಟ್, ಕೆಂಪು ಸೈಡ್‌ಲೈಟ್, ಕಪ್ಪು ಅರ್ತ್. ಇಷ್ಟು ಗೊತ್ತಿದ್ದರೆ ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಲು ಹೆದರಿಕೆ ಇರುವುದಿಲ್ಲ. ಹೆಡ್‌ಲೈಟ್ ಮಂಕಾಗಿದ್ದರೆ ಬಲ್ಬ್ ಬದಲಾಯಿಸುವ ಮೊದಲು ಲೈಟ್ ಉರಿಯುತ್ತಿರುವಾಗ ಮೀಟರಿನ ಒಂದು ತುದಿ ಬ್ಯಾಟರಿಯ ಅರ್ತ್ ತುದಿಗೆ, ಇನ್ನೊಂದು ಲೈಟಿನ ಕಪ್ಪು ವೈರಿಗೆ ಹಿಡಿಯಿರಿ. ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟ್ ತೋರಿಸಿದರೆ ದಾರಿಯಲ್ಲಿ ಎಲ್ಲೋ ತುಕ್ಕಿದೆ. ನಾನು ಇಡೀ ಹಾರ್ನೆಸ್ (ವೈರುಗಳ ಕಟ್ಟು) ಬದಲಾಯಿಸಲಿಲ್ಲ. ವೈರಿನ ತುದಿಗಳನ್ನು ಜೋಡಿಸುವ ಬುಲೆಟ್ ಕನೆಕ್ಟರುಗಳನ್ನು ಒಂದೊಂದಾಗಿ ಎಳೆದು, ಉಜ್ಜಿ, ಸಡಿಲ ತೋಳುಗಳ ಬದಲು ಹೊಸದು ಹಾಕಿದೆ, ಅಷ್ಟೇ.

ಒಂದು ಎಚ್ಚರಿಕೆ. 1967ರ ಕೊನೆಯಲ್ಲಿ ಮಾರ್ಕ್ 2 ಬರುವ ತನಕ ಎಂಜಿಬಿಗಳು ಪಾಸಿಟಿವ್ ಅರ್ತ್. ಅಂದರೆ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ. ಸೀಟುಗಳ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿಗಳು ಸರಣಿಯಲ್ಲಿರುತ್ತವೆ. ಹಿಂದಿನ ಮಾಲೀಕರು ಇದನ್ನು ಬದಲಾಯಿಸಿರಬಹುದು, ಬದಲಾಯಿಸದೆಯೂ ಇರಬಹುದು. ರೇಡಿಯೋ, ಎಲೆಕ್ಟ್ರಾನಿಕ್ ಇಗ್ನಿಷನ್ ಏನೇ ಹಾಕುವ ಮೊದಲು ಮೀಟರ್ ಹಿಡಿದು ಖಚಿತ ಮಾಡಿಕೊಳ್ಳಿ. ನನ್ನ ಕಾರನ್ನು ಪಾಸಿಟಿವ್ ಆಗಿಯೇ ಉಳಿಸಿಕೊಂಡಿದ್ದೇನೆ. ಚೆನ್ನಾಗಿ ನಡೆಯುತ್ತಿರುವುದನ್ನು ಸುಮ್ನೆ ಯಾಕೆ ಕೆಣಕಬೇಕು?

ಇನ್ನು ನನಗೆ ತುಂಬಾ ಇಷ್ಟವಾದ ಭಾಗ, ಎಸ್‌ಯು ಕಾರ್ಬ್ಯುರೇಟರ್. ಇದಕ್ಕೂ ಮೊದಲು ಪಂಪಿನ ಮಾತು ಕೇಳಬೇಕು. ಹಿಂದಿನ ಚಕ್ರದ ಹತ್ತಿರ ಇರುವ ಎಸ್‌ಯು ಪಂಪು ಕೀ ತಿರುಗಿಸಿದ ಕೂಡಲೇ ಟಿಕ್ ಟಿಕ್ ಅಂತ ಜೋರಾಗಿ ಶುರುವಾಗುತ್ತದೆ. ಕಾರ್ಬ್ಯುರೇಟರಿನ ಬಟ್ಟಲು ತುಂಬಿದ ಮೇಲೆ ನಿಲ್ಲಬೇಕು. ನಿಲ್ಲದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಫ್ಲೋಟಿನ ಸೂಜಿ ಮುಚ್ಚುತ್ತಿಲ್ಲ. ಎಂಜಿನ್ ಚಾಲೂ ಮಾಡುವ ಮೊದಲೇ ಇಷ್ಟು ಸುದ್ದಿ ಸಿಗುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಹಳೇ ರಬ್ಬರ್ ಪೈಪುಗಳು ಬೇಗ ಬಿರಿಯುತ್ತವೆ. ಎಥನಾಲ್ ತಡೆಯುವ ಪೈಪನ್ನೇ ಕೇಳಿ ಹಾಕಿಸಿ.

ಎಸ್‌ಯು ಒಳಗೆ ಒಂದು ಪಿಸ್ಟನ್ ಇದೆ. ಎಂಜಿನ್ ಜಾಸ್ತಿ ಗಾಳಿ ಎಳೆದಷ್ಟೂ ಅದು ಮೇಲೇಳುತ್ತದೆ. ಅದರ ತಳಕ್ಕೆ ಸಿಕ್ಕಿಸಿದ ಚೂಪು ಸೂಜಿಯೂ ಜೆಟ್ (ಪೆಟ್ರೋಲ್ ಬರುವ ತೂತು) ಒಳಗಿನಿಂದ ಮೇಲೆ ಬರುತ್ತದೆ. ಸೂಜಿ ತೆಳುವಾದಷ್ಟೂ ಪೆಟ್ರೋಲಿಗೆ ಜಾಗ ಹೆಚ್ಚು. ಗಾಳಿ ಎಷ್ಟೋ ಪೆಟ್ರೋಲ್ ಅಷ್ಟು. ಮೇಲಿನ ಕಪ್ಪು ಮುಚ್ಚಳ ತಿರುಗಿಸಿದರೆ ಸಿಗುವ ಬಾವಿಯಲ್ಲಿ ಸ್ವಲ್ಪ ತೆಳು ಆಯಿಲ್ ಇರಬೇಕು. ಆಕ್ಸಿಲರೇಟರ್ ತಟ್ಟನೆ ಒತ್ತಿದಾಗ ಪಿಸ್ಟನ್ ಹಾರದಂತೆ ಅದು ತಡೆಯುತ್ತದೆ. ಆ ಕ್ಷಣಕ್ಕೆ ಮಿಶ್ರಣ ದಟ್ಟವಾಗುತ್ತದೆ. ಒತ್ತಿದ ಕೂಡಲೇ ಕಾರು ಮುಗ್ಗರಿಸಿದರೆ ಮೊದಲು ಈ ಆಯಿಲ್ ನೋಡಿ.

ಪಿಸ್ಟನ್ನನ್ನು ಬೆರಳಿನಲ್ಲಿ ಎತ್ತಿ ಬಿಟ್ಟರೆ ಟಕ್ ಅಂತ ಲೋಹದ ಸದ್ದು ಬರಬೇಕು. ಸದ್ದಿಲ್ಲದೆ ಇಳಿದರೆ ಸೂಜಿ ಜೆಟ್ಟಿಗೆ ಉಜ್ಜುತ್ತಿದೆ, ಜೆಟ್ ನಡುವಿಗೆ ಕೂರಿಸಬೇಕು. ಮಿಶ್ರಣ ಹೊಂದಿಸಲು ಜೆಟ್ ನಟ್ಟನ್ನು ಪೂರ್ತಿ ಮೇಲಕ್ಕೆ ತಂದು, ಅಲ್ಲಿಂದ ಎರಡು ಸುತ್ತು ಇಳಿಸಿ ಶುರುಮಾಡುತ್ತೇನೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಪಿಸ್ಟನ್ನನ್ನು ಒಂದು ಮಿ.ಮೀ.ಗಿಂತ ಕಡಿಮೆ ಎತ್ತಿ ಕಿವಿಗೊಡುತ್ತೇನೆ. ವೇಗ ಏರಿ ಹಾಗೇ ಉಳಿದರೆ ಮಿಶ್ರಣ ದಟ್ಟ. ಎಂಜಿನ್ ಕುಸಿದರೆ ತೆಳು. ಒಂದಿಷ್ಟು ಏರಿ ಮತ್ತೆ ಮೊದಲಿನಂತಾದರೆ ಸರಿ. ಎರಡೂ ಕಾರ್ಬ್ಯುರೇಟರ್ ಸಮ ಎಳೆಯುತ್ತಿವೆಯೇ ಎಂದು ತಿಳಿಯಲು ಒಂದು ತುಂಡು ರಬ್ಬರ್ ಪೈಪು ಸಾಕು. ಒಂದು ತುದಿ ಕಿವಿಗೆ, ಇನ್ನೊಂದು ಗಾಳಿ ಎಳೆಯುವ ಬಾಯಿಗೆ. ಎರಡರ ಬುಸುಗುಡುವಿಕೆ ಒಂದೇ ಥರ ಕೇಳಬೇಕು.

ಆದರೆ ವಾಲ್ವ್, ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಸ್ವಿಚ್), ಟೈಮಿಂಗ್ (ಕಿಡಿ ಹಾರುವ ಹೊತ್ತು) ಸರಿ ಮಾಡದೆ ಕಾರ್ಬ್ಯುರೇಟರ್ ಮುಟ್ಟಬೇಡಿ. ಕಾರ್ಬ್ಯುರೇಟರ್ ತೊಂದರೆ ಅಂತ ಹೇಳುವುದರಲ್ಲಿ ಬಹುಪಾಲು ಇಗ್ನಿಷನ್ ತೊಂದರೆಯೇ. ವಾಲ್ವ್ ಸಂದು ಎಂಜಿನ್ ತಣ್ಣಗಿದ್ದಾಗ 0.015 ಇಂಚು, ಅಂದರೆ 0.38 ಮಿ.ಮೀ. ಎಂಟು ವಾಲ್ವುಗಳಿಗೆ ಒಂಬತ್ತರ ಲೆಕ್ಕ ಬಳಸಿ, ಅಂದರೆ ಎರಡು ವಾಲ್ವುಗಳ ಸಂಖ್ಯೆ ಕೂಡಿದರೆ ಒಂಬತ್ತು ಬರಬೇಕು. ಒಂದನೆಯ ವಾಲ್ವ್ ಪೂರ್ತಿ ತೆರೆದಾಗ ಎಂಟನೆಯದನ್ನು ಹೊಂದಿಸಿ, ಮೂರನೆಯದು ತೆರೆದಾಗ ಆರನೆಯದನ್ನು. ಪಾಯಿಂಟ್ ಸಂದು 0.015 ಇಂಚು, ಪ್ಲಗ್ 0.025 ಇಂಚು.

ಬಣ್ಣ ಮಾತ್ರ ನಾನು ಮಾಡಲಿಲ್ಲ. ಈಗಿನ ಟು-ಪ್ಯಾಕ್ ಬಣ್ಣದಲ್ಲಿ ಐಸೋಸಯನೇಟ್ ಇರುತ್ತದೆ. ಹೊರಗಿನ ಶುದ್ಧ ಗಾಳಿ ಕೊಡುವ ಮಾಸ್ಕ್ ಇಲ್ಲದೆ ಸಿಂಪಡಿಸಿದರೆ ಶ್ವಾಸಕೋಶಕ್ಕೆ ಅಪಾಯ. ಅದು ಮನೆಯ ಶೆಡ್ಡಿನ ಕೆಲಸ ಅಲ್ಲವೇ ಅಲ್ಲ. ಉಜ್ಜಿ ತಯಾರು ಮಾಡಿ ಪೇಂಟರ್ ಕೈಗೆ ಕೊಟ್ಟೆ.

ಈಗ ಉಳಿದಿರುವುದು ನಿತ್ಯದ ಆರೈಕೆ. 20ಡಬ್ಲ್ಯು-50 ಆಯಿಲ್, ಅದೂ ಸತುವಿನ ಅಂಶ ಚೆನ್ನಾಗಿರುವುದು. ಈ ಎಂಜಿನ್ನಿನ ಟ್ಯಾಪೆಟ್‌ಗಳು ಕ್ಯಾಮ್ ಮೇಲೆ ಉಜ್ಜಿಕೊಂಡೇ ಓಡುವುದರಿಂದ ಅದು ಬೇಕು. ಮುಂದಿನ ಚಕ್ರಗಳು ಎಡಕ್ಕೆ ಬಲಕ್ಕೆ ತಿರುಗುವ ಕಿಂಗ್‌ಪಿನ್‌ಗಳಿಗೆ 5000 ಕಿ.ಮೀ.ಗೊಮ್ಮೆ ಗ್ರೀಸ್, ಚಕ್ರ ಎತ್ತಿ ಭಾರ ಇಳಿಸಿಯೇ ಹೊಡೆಯಬೇಕು. ಇಲ್ಲದಿದ್ದರೆ ಭಾರ ಕೂತ ಕಡೆ ಗ್ರೀಸ್ ಹೋಗುವುದಿಲ್ಲ. ಬಿಸಿ ಎಂಜಿನ್ನಿನಲ್ಲಿ ಓಡುವಾಗ ಆಯಿಲ್ ಒತ್ತಡ ಚದರ ಇಂಚಿಗೆ 50ರಿಂದ 80 ಪೌಂಡ್ ಇದ್ದರೆ ನೆಮ್ಮದಿ. ಹತ್ತು ನಿಮಿಷ ಚಾಲೂ ಮಾಡಿ ನಿಲ್ಲಿಸುವ ಅಭ್ಯಾಸ ಬೇಡ. ಸೈಲೆನ್ಸರಿನಲ್ಲೂ ಆಯಿಲಿನಲ್ಲೂ ನೀರು ಉಳಿಯುತ್ತದೆ. ಓಡಿಸಿದರೆ ಪೂರ್ತಿ ಬಿಸಿಯಾಗುವಷ್ಟು ಓಡಿಸಿ, ಇಲ್ಲದಿದ್ದರೆ ಮುಟ್ಟಲೇಬೇಡಿ.

ಎಂಜಿನ್ ಹಿಂಭಾಗದಿಂದ ಆಯಿಲ್ ಇನ್ನೂ ತೊಟ್ಟಿಕ್ಕುತ್ತದೆ. ಸೀಲ್ ಬದಲಾಯಿಸಲು ಎಂಜಿನ್ ಹೊರಗೆ ತೆಗೆಯಬೇಕು. ಕ್ಲಚ್ ಬದಲಾಯಿಸಲೂ ಅಷ್ಟೇ. ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಕಾರ್ಬನ್ನಿನದು, ಸಿಗ್ನಲ್‌ನಲ್ಲಿ ಪೆಡಲ್ ಒತ್ತಿಕೊಂಡು ನಿಂತರೆ ಬೇಗ ಸವೆಯುತ್ತದೆ. ಹಾಗಾಗಿ ನ್ಯೂಟ್ರಲ್ ಮಾಡಿ ಕಾಲು ತೆಗೆಯುತ್ತೇನೆ. ಕ್ಲಚ್ ಕೆಲಸ ಬರುವ ತನಕ ಕಾರಿನ ಕೆಳಗೆ ಒಂದು ತಟ್ಟೆ ಇಟ್ಟಿದ್ದೇನೆ. ಸೀಲ್ ತಂದಿಟ್ಟಾಗಿದೆ, ಎರಡೂ ಒಟ್ಟಿಗೇ ಮಾಡಿದರಾಯಿತು.